ಮೂರು ಊರುಗಳ ದತ್ತಿ: ಮ್ಯಾಜೇದಿ ಶಾಸನದ ರಾಜಕುಮಾರ

ಮ್ಯಾಜೇದಿ ಶಾಸನ ಅಂದರೆ ಲಿಪಿಶಾಸ್ತ್ರದಲ್ಲಿ ಆಸಕ್ತಿ ಇರುವವರಿಗೆ ತಟ್ಟನೆ ನೆನಪಾಗುವುದು ರೊಸೆಟ್ಟಾ ಕಲ್ಲು. ಬರ್ಮಾದ ರೊಸೆಟ್ಟಾ ಅಂತಲೇ ಇದನ್ನು ಕರೆಯುವ ರೂಢಿ. ಒಂದೇ ಕಂಬ, ನಾಲ್ಕು ಮುಖ, ನಾಲ್ಕು ಭಾಷೆ: ಪಾಳಿ, ಪ್ಯೂ, ಮೋನ್ ಮತ್ತು ಹಳೆಯ ಬರ್ಮೀ. ವಿಷಯ ನಾಲ್ಕರಲ್ಲೂ ಒಂದೇ. ಈ ಕಾರಣಕ್ಕೇ ಪ್ಯೂ ಅನ್ನುವ ಸತ್ತುಹೋದ ಭಾಷೆಯನ್ನು ಓದಲು ಸಾಧ್ಯವಾಯಿತು. 2015ರಲ್ಲಿ ಯುನೆಸ್ಕೊ ತನ್ನ ವಿಶ್ವಸ್ಮೃತಿ ಪಟ್ಟಿಗೆ ಇದನ್ನು ಸೇರಿಸಿತು.

ನಾನೂ ಬಹಳ ವರ್ಷ ಈ ಶಾಸನವನ್ನು ಲಿಪಿಯ ಉದಾಹರಣೆಯಾಗಿಯೇ ನೋಡಿದವನು. ಕಲ್ಲಿನ ಮೇಲೆ ಏನು ಬರೆದಿದೆ ಅಂತ ಕೇಳಿದ್ದರೆ, "ಒಬ್ಬ ರಾಜಕುಮಾರ ಬುದ್ಧನಿಗೆ ದತ್ತಿ ಬಿಟ್ಟಿದ್ದು" ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಈಚೆಗೆ ಅನುವಾದವನ್ನು ಸಾಲು ಸಾಲಾಗಿ ಓದುತ್ತ ಕೂತಾಗ ಒಂದು ಪ್ರಶ್ನೆ ಹುಟ್ಟಿಕೊಂಡಿತು. ಅರಸನ ಮಗ ಅವನು. ತಂದೆ ಸಾಯುವ ಹಾಸಿಗೆಯಲ್ಲಿದ್ದಾನೆ. ಪಟ್ಟ ತನಗಲ್ಲ ಅಂತ ಮೊದಲೇ ತೀರ್ಮಾನ ಆಗಿಹೋಗಿದೆ. ಅಂಥ ಹೊತ್ತಿನಲ್ಲಿ ಅವನು ತನ್ನ ಕೈಯಲ್ಲಿದ್ದ ಮೂರು ಊರುಗಳನ್ನು ಯಾಕೆ ದಾನ ಕೊಟ್ಟ? ಅದನ್ನು ಇಷ್ಟು ಸಾಕ್ಷಿಗಳ ಹೆಸರು ಹಾಕಿ, ನಾಲ್ಕು ಭಾಷೆಯಲ್ಲಿ, ಯಾಕೆ ಕೆತ್ತಿಸಿದ? ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಮೊದಲು ಕಲ್ಲು ಏನು ಹೇಳುತ್ತದೆ ನೋಡೋಣ. ಬುದ್ಧನ ಪರಿನಿರ್ವಾಣವಾಗಿ 1628 ವರ್ಷ ಕಳೆದಾಗ, ಅರಿಮದ್ದನಪುರ ಎಂಬ ಈ ನಗರದಲ್ಲಿ ತ್ರಿಭುವನಾದಿತ್ಯ ಧಮ್ಮರಾಜನೆಂಬವನು ಅರಸನಾದ. ಅರಿಮದ್ದನಪುರ ಅಂದರೆ ಪಗಾನ್, ಇಂದಿನ ಬಗಾನ್. ಶತ್ರುಗಳನ್ನು ಮರ್ದಿಸುವ ಊರು ಅಂತ ಅರ್ಥ. ಆ ಅರಸನ ರಾಣಿಯರಲ್ಲಿ ಒಬ್ಬಳು ತ್ರಿಲೋಕವಟಂಸಕಾದೇವಿ. ಅವಳ ಮಗನ ಹೆಸರು ರಾಜಕುಮಾರ. ಅರಸ ಆ ರಾಣಿಗೆ ದಾಸರ ಮೂರು ಊರುಗಳನ್ನು ಕೊಟ್ಟಿದ್ದ. ರಾಣಿ ತೀರಿಕೊಂಡ ಮೇಲೆ ಅವಳ ಒಡವೆಗಳನ್ನೂ ಆ ಮೂರು ಊರುಗಳನ್ನೂ ಮಗನಿಗೆ ಕೊಟ್ಟ.

ಅರಸ ಆಳಲು ಶುರುಮಾಡಿ 28 ವರ್ಷವಾದಾಗ ಸಾವಿನ ಕಾಯಿಲೆ ಬಿದ್ದ. ತನ್ನನ್ನು ಸಾಕಿ ಬೆಳೆಸಿದ ಉಪಕಾರವನ್ನು ನೆನೆದು ರಾಜಕುಮಾರ ಚಿನ್ನದ ಬುದ್ಧಮೂರ್ತಿಯೊಂದನ್ನು ಮಾಡಿಸಿ ತಂದೆಯ ಮುಂದಿಟ್ಟ. ಈ ಮೂರ್ತಿ ನನ್ನ ಒಡೆಯನಿಗಾಗಿ ಮಾಡಿಸಿದ್ದು. ನೀವು ನನಗೆ ಕೊಟ್ಟ ಮೂರು ಊರುಗಳನ್ನು ಈ ಬುದ್ಧನಿಗೆ ಕೊಡುತ್ತೇನೆ ಅಂತ ಅರಿಕೆ ಮಾಡಿಕೊಂಡ. ಅರಸನಿಗೆ ಸಂತೋಷವಾಯಿತು, "ಸಾಧು, ಸಾಧು" ಅಂದ. ಮಹಾಥೇರ, ಮುಗ್ಗಲಿಪುತ್ತತಿಸ್ಸ ಥೇರ, ಸುಮೇಧ ಪಂಡಿತ, ಬ್ರಹ್ಮಪಾಲ ಮೊದಲಾದವರ ಎದುರಿನಲ್ಲಿ ನೆಲಕ್ಕೆ ನೀರೆರೆದ. ಆಮೇಲೆ ರಾಜಕುಮಾರ ಚಿನ್ನದ ಶಿಖರವಿರುವ ಗುಹಾಲಯವೊಂದನ್ನು ಕಟ್ಟಿಸಿ ಅದರಲ್ಲಿ ಮೂರ್ತಿಯನ್ನು ಇಟ್ಟ. ಸಕ್‌ಮುನಲೋನ್, ರಪಾಯ್, ಹೆನ್‌ಬೂಯ್ ಎಂಬ ಮೂರೂ ಊರುಗಳನ್ನು ಮತ್ತೆ ನೀರೆರೆದು ಆ ಆಲಯಕ್ಕೆ ಬಿಟ್ಟ. ಕೊನೆಯಲ್ಲಿ ಶಾಪ: ನನ್ನ ಮಗನಾಗಲಿ, ಮೊಮ್ಮಗನಾಗಲಿ, ನೆಂಟನಾಗಲಿ, ಇನ್ಯಾರೇ ಆಗಲಿ, ನಾನು ಬಿಟ್ಟ ಈ ಜನಕ್ಕೆ ಕಿರುಕುಳ ಕೊಟ್ಟರೆ, ಮುಂದೆ ಬರಲಿರುವ ಮೈತ್ರೇಯ ಬುದ್ಧನ ದರ್ಶನ ಅವರಿಗೆ ಸಿಗದೆ ಹೋಗಲಿ.

ಕಲ್ಲಿನ ಮಾತು ಇಷ್ಟೇ. ಕಾಲಮಾನದ ಲೆಕ್ಕ ಸರಳ. ಬರ್ಮಾದಲ್ಲಿ ಪರಿನಿರ್ವಾಣವನ್ನು ಕ್ರಿ.ಪೂ. 544ಕ್ಕೆ ಹಿಡಿಯುತ್ತಾರೆ. 1628ರಲ್ಲಿ 544 ಕಳೆದರೆ ಕ್ರಿ.ಶ. 1084. ಅದಕ್ಕೆ ಆಳ್ವಿಕೆಯ 28 ವರ್ಷ ಕೂಡಿಸಿದರೆ 1112. ತಿಂಗಳ ಹೊಂದಾಣಿಕೆಯಿಂದ 1112-13 ಅಂತ ಬರೆಯುತ್ತಾರೆ. ಪಗಾನ್ ಅರಸರ ಕಾಲದ ಬಗ್ಗೆ ಬರ್ಮಾದ ವಂಶಾವಳಿಗಳು ಒಂದೊಂದು ಒಂದೊಂದು ಇಸವಿ ಹೇಳುತ್ತವೆ. ಆ ಗೊಂದಲದ ನಡುವೆ ಈ ಕಲ್ಲು ಒಂದು ಗೂಟ ಹೊಡೆದಂತೆ ನಿಂತಿದೆ. ತ್ರಿಭುವನಾದಿತ್ಯ ಧಮ್ಮರಾಜ ಅನ್ನುವವನೇ ವಂಶಾವಳಿಗಳ ಕ್ಯಾನ್‌ಸಿತ್ತ, ಪಗಾನ್‌ನ ದೊಡ್ಡ ಅರಸರಲ್ಲಿ ಒಬ್ಬ.

ಈಗ ವಂಶಾವಳಿಗಳ ಕಡೆ ಬರೋಣ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಹ್ಮನ್ನನ್ ಯಾಜವಿನ್, ಅಂದರೆ ಗಾಜಿನರಮನೆಯ ರಾಜವಂಶಚರಿತೆ. 1829ರಲ್ಲಿ ಬಾಗ್ಯಿದಾ ದೊರೆ ನೇಮಿಸಿದ ವಿದ್ವಾಂಸರು ಬರೆದದ್ದು. ನಮ್ಮ ರಾಜಕುಮಾರ ಸತ್ತು ಏಳುನೂರು ವರ್ಷ ಆದ ಮೇಲಿನ ಬರಹ ಅನ್ನೋದನ್ನು ಮರೆಯದೆ ಓದಬೇಕು.

ಅದರ ಪ್ರಕಾರ ಕ್ಯಾನ್‌ಸಿತ್ತ ಮೊದಲು ಅನೋರಥ ದೊರೆಯ ಸೇನಾನಿ. ದೊರೆಯ ರಾಣಿಯಾಗಿ ಬಂದವಳ ಜೊತೆ ಸಲಿಗೆ ಬೆಳೆಯಿತು ಅಂತ ದೊರೆಗೆ ಸಿಟ್ಟು ಬಂತು. ಕ್ಯಾನ್‌ಸಿತ್ತ ಓಡಿಹೋಗಿ ತಲೆಮರೆಸಿಕೊಂಡ. ಹಾಗೆ ಅಲೆಯುತ್ತಿದ್ದಾಗ ಒಬ್ಬ ತಪಸ್ವಿಯ ಸಂಬಂಧಿ ಥಂಬುಲ ಅನ್ನುವ ಹುಡುಗಿಯ ಕೈಹಿಡಿದ. ಅರಮನೆಯಿಂದ ಕರೆ ಬಂದಾಗ ಅವಳು ಬಸುರಿ. ಒಂದು ಉಂಗುರ ಕೊಟ್ಟು, ಹೆಣ್ಣಾದರೆ ಇದನ್ನು ಮಾರಿ ಸಾಕು, ಗಂಡಾದರೆ ಉಂಗುರದ ಜೊತೆ ಮಗನನ್ನು ಕರೆದುಕೊಂಡು ಬಾ ಅಂತ ಹೇಳಿ ಹೊರಟ. ಶಾಕುಂತಲ ಓದಿದ ನಮಗೆ ಈ ಕಥೆಯ ಎಳೆ ಎಲ್ಲೋ ಕೇಳಿದ ಹಾಗೆ ಅನ್ನಿಸುವುದು ಸಹಜ.

ಅನೋರಥನ ನಂತರ ಅವನ ಮಗ ಸಾವ್‌ಲು ಪಟ್ಟಕ್ಕೆ ಬಂದ. ಅವನ ಕಾಲದಲ್ಲಿ ಬಾಗೊ ಪ್ರಾಂತದ ಅಧಿಪತಿಯಾಗಿದ್ದವನು ಯಮನ್‌ಕನ್, ಸಾವ್‌ಲುವಿನ ದಾದಿಯ ಮಗ, ಜೊತೆಗೆ ಆಡಿ ಬೆಳೆದವನು. ಪಗಡೆಯಾಟದಲ್ಲಿ ಗೆದ್ದು ಕುಣಿದ ಗೆಳೆಯನಿಗೆ ದೊರೆ, ಗಂಡಸಾದರೆ ನಿನ್ನ ಬಾಗೊದಿಂದ ನನ್ನ ಮೇಲೆ ದಂಡೆತ್ತಿ ಬಾ ಅಂತ ಹಂಗಿಸಿದನಂತೆ. ಅವನು ನಿಜಕ್ಕೂ ದಂಡೆತ್ತಿ ಬಂದ. ಸಾವ್‌ಲು ಸೆರೆ ಸಿಕ್ಕಿದ. ರಾತ್ರಿ ಬಿಡಿಸಿಕೊಂಡು ಹೋಗಲು ಕ್ಯಾನ್‌ಸಿತ್ತ ಗುಟ್ಟಾಗಿ ಬಂದರೆ, ಇವನು ನನ್ನನ್ನು ಕೊಲ್ಲಲೇ ಬಂದವನು ಅಂತ ಹೆದರಿ ಸಾವ್‌ಲು ಕೂಗಿಕೊಂಡ. ಕೂಗಿದ್ದರಿಂದಲೇ ಸತ್ತ. ಪಗಡೆ, ಕೂಗು ಇವೆಲ್ಲ ಕಥೆಯೇ ಇರಬಹುದು. ಆದರೆ 1084ರ ಸುಮಾರಿಗೆ ಪ್ರಾಂತಾಧಿಪತಿಯೊಬ್ಬನ ದಂಗೆಯಲ್ಲಿ ಪಗಾನ್ ದೊರೆ ಸತ್ತ, ಅದರ ಬೆನ್ನಿಗೇ ಕ್ಯಾನ್‌ಸಿತ್ತ ಪಟ್ಟಕ್ಕೇರಿದ ಅನ್ನುವಲ್ಲಿಗೆ ಕಥೆಯೂ ಕಲ್ಲಿನ ಇಸವಿಯೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಇಲ್ಲಿ ಪ್ರಾಂತಾಧಿಪತ್ಯದ ಬಗ್ಗೆ ಒಂದು ಮಾತು. ಬರ್ಮೀ ಭಾಷೆಯಲ್ಲಿ ಹೀಗೆ ಊರನ್ನೋ ಸೀಮೆಯನ್ನೋ ಪಡೆದವನನ್ನು ಮ್ಯೊಜಾ ಅನ್ನುತ್ತಾರೆ. ಅಕ್ಷರಶಃ ಅರ್ಥ, ಊರನ್ನು ಉಣ್ಣುವವನು. ಅದರ ಹುಟ್ಟುವಳಿಯಿಂದ ಅವನ ಬದುಕು ನಡೆಯಬೇಕು. ನಮ್ಮ ಉಂಬಳಿ ಶಬ್ದದ ಒಳಗಿರುವುದೂ ಉಣ್ಣುವ ಕ್ರಿಯೆಯೇ. ಅರಸುಮಕ್ಕಳಿಗೆ ಕೊಟ್ಟದ್ದನ್ನು ನಮ್ಮಲ್ಲಿ ಕುಮಾರವೃತ್ತಿ ಅಂದರು. ಕ್ಯಾನ್‌ಸಿತ್ತ ಕೂಡ ದೊರೆಯಾಗುವ ಮೊದಲು ಥಿಲೈಂಗ್ ಎಂಬ ಊರಿನ ಒಡೆಯನಾಗಿದ್ದ. ದೊರೆಯಾದ ಮೇಲೂ ಥಿಲೈಂಗ್ ಅರಸ ಅನ್ನುವ ಹೆಸರು ಅವನಿಗೆ ಉಳಿಯಿತು. ಅಂದರೆ ಊರನ್ನು ಉಣ್ಣುವವನು ಒಂದು ದಿನ ರಾಜಧಾನಿಯನ್ನೂ ಉಣ್ಣಬಹುದು ಅನ್ನೋದು ಅವನಿಗೆ ಗೊತ್ತಿರದ ಸಂಗತಿ ಅಲ್ಲ. ಕೊಟ್ಟದ್ದು ಬಹುಮಾನ, ಜೊತೆಗೆ ರಾಜಧಾನಿಯಿಂದ ಒಂದಷ್ಟು ದೂರ ಇಡುವ ಉಪಾಯ.

ದೊರೆಯಾದ ಕ್ಯಾನ್‌ಸಿತ್ತನಿಗೆ ದೊಡ್ಡ ಕೊರತೆ ಒಂದಿತ್ತು. ಅನೋರಥನ ರಕ್ತಸಂಬಂಧವನ್ನು ಯಾರೂ ಪ್ರಶ್ನಿಸದ ಹಾಗೆ ತೋರಿಸಲು ಅವನಿಂದ ಆಗುತ್ತಿರಲಿಲ್ಲ. ಅವನ ಹುಟ್ಟಿನ ಬಗ್ಗೆಯೇ ವಂಶಾವಳಿಗಳು ಅನುಮಾನದ ಕಥೆ ಹೇಳುತ್ತವೆ. ಅದಕ್ಕೆ ಪರಿಹಾರವಾಗಿ ಅವನು ತನ್ನ ಮಗಳು ಶ್ವೇ ಐನ್‌ತಿಯನ್ನು ಸತ್ತ ಸಾವ್‌ಲುವಿನ ಮಗ ಸಾ ಯುನ್‌ಗೆ ಕೊಟ್ಟು ಮದುವೆ ಮಾಡಿದ. ಅವರಿಗೆ ಹುಟ್ಟಿದ ಮಗುವಿನಲ್ಲಿ ಎರಡೂ ಮನೆ ಸೇರಿದವು. ಆ ಕೂಸನ್ನು ಎತ್ತಿ ಹಿಡಿದು, ಪಟ್ಟ ನಿನ್ನದು, ನಾನು ನಿನ್ನ ಪರವಾಗಿ ನೋಡಿಕೊಳ್ಳುವವನು ಅಂತ ಸಾರಿದನಂತೆ. ಆ ಮೊಮ್ಮಗನೇ ಮುಂದೆ ಅಲೌಂಗ್‌ಸಿತು.

ಥಂಬುಲ ಏಳು ವರ್ಷದ ಮಗನ ಕೈಹಿಡಿದು, ಉಂಗುರ ಹಿಡಿದು ಅರಮನೆ ಬಾಗಿಲಿಗೆ ಬಂದದ್ದು ಇದಾದ ಮೇಲೆ. ದೊರೆ ಗುರುತು ಹಿಡಿದ, ರಾಣಿಯಾಗಿ ಸೇರಿಸಿಕೊಂಡ. ಆದರೆ ಸಾರಿದ ಮಾತನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲವಲ್ಲ! ಮಗನಿಗೆ ಪಟ್ಟದ ಬದಲು ಧನ್ಯವತಿಯ, ಅಂದರೆ ಉತ್ತರ ಅರಕಾನ್ ಸೀಮೆಯ, ಅಧಿಪತ್ಯ ಕೊಟ್ಟ. ಏಳು ಬೆಟ್ಟಸೀಮೆಗಳನ್ನೂ ಸೇರಿಸಿದ ಅನ್ನುತ್ತವೆ ವಂಶಾವಳಿಗಳು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಲ್ಲಿನಲ್ಲಿ ಉಂಗುರ ಇಲ್ಲ, ತಪಸ್ವಿ ಇಲ್ಲ, ಧನ್ಯವತಿ ಇಲ್ಲ, ಅಲೌಂಗ್‌ಸಿತುವಿನ ಹೆಸರೂ ಇಲ್ಲ. ಉತ್ತರಾಧಿಕಾರ ಅನ್ನುವ ವಿಷಯವನ್ನೇ ಎತ್ತಿಲ್ಲ. ಒಡೆಯ ಸಾಯುತ್ತಿದ್ದಾನೆ ಅನ್ನುವ ದತ್ತಿಶಾಸನದಲ್ಲಿ ಮುಂದಿನ ಒಡೆಯನ ಮಾತೇ ಇಲ್ಲ. ಕೆಲವರು ಇದನ್ನು ಅಪ್ಪಟ ಪಿತೃಭಕ್ತಿಯ ಶಾಸನ ಅಂತ ಓದಿದ್ದಾರೆ. ಪಟ್ಟ ತಪ್ಪಿಸಿದ ತಂದೆಯ ಮೇಲೆ ಒಂದು ಕಹಿ ಮಾತೂ ಇಲ್ಲದೆ ಸಾಕಿದ ಋಣವನ್ನು ನೆನೆದ ಮಗ ಅಂತ. ಬರ್ಮೀಯರಿಗೆ ರಾಜಕುಮಾರ ಇಂದಿಗೂ ಪ್ರಿಯನಾಗಿರುವುದು ಈ ಗುಣಕ್ಕೇ. ಆ ಓದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ದತ್ತಿಶಾಸನಗಳನ್ನು ಓದಿ ಅಭ್ಯಾಸವಾದ ಕಣ್ಣಿಗೆ ಇನ್ನೂ ಮೂರು ವಿಷಯ ಕಾಣುತ್ತವೆ.

ಮೊದಲನೆಯದು, ಆ ಮೂರು ಊರುಗಳ ಪ್ರಯಾಣ. ಅರಸನಿಂದ ರಾಣಿಗೆ, ರಾಣಿ ಸತ್ತ ಮೇಲೆ ಅರಸನ ಕೈಯಿಂದಲೇ ಮಗನಿಗೆ, ಮಗನಿಂದ ಬುದ್ಧನಿಗೆ. ಗಮನಿಸಿ, ತಾಯಿಯ ಊರು ಮಗನಿಗೆ ತಾನಾಗಿ ಬರಲಿಲ್ಲ. ಅರಸ ಮತ್ತೆ ಕೊಡಬೇಕಾಯಿತು. ಹಾಗಾದರೆ ಅರಸನೇ ಸತ್ತರೆ? ಹೊಸ ಅರಸ ಮತ್ತೆ ಕೊಡುತ್ತಾನೋ, ಇಟ್ಟುಕೊಳ್ಳುತ್ತಾನೋ ಯಾರು ಹೇಳಬೇಕು? ಕೊಟ್ಟ ಕೈ ಬದುಕಿರುವಾಗಲೇ ರಾಜಕುಮಾರ ಅವನ್ನು ಅರಸುಗಳ ಕೈಗೆ ಎಟುಕದ ಕಡೆಗೆ ದಾಟಿಸಿದ. ಪಗಾನ್‌ನಲ್ಲಿ ಒಮ್ಮೆ ಧರ್ಮಕ್ಕೆ ಬಿಟ್ಟ ಭೂಮಿ, ಜನ ಮರಳಿ ಅರಮನೆಯ ಲೆಕ್ಕಕ್ಕೆ ಬರುವುದು ಬಹಳ ಕಷ್ಟವಿತ್ತು. ಆ ರಾಜ್ಯ ಕೊನೆಗೆ ಸೊರಗಲು ಹೀಗೆ ಹೊರಹೋದ ಭೂಮಿಯೇ ಒಂದು ಕಾರಣ ಅಂತ ವಾದಿಸಿದ ಇತಿಹಾಸಕಾರರೂ ಇದ್ದಾರೆ. ಊರಿನ ಜನರಿಗೆ ಬಳಸಿರುವ ಪದ ಕ್ಯುನ್. ಗುಲಾಮ ಅಂತ ಅನುವಾದಿಸುವುದು ವಾಡಿಕೆ. ಒಡೆಯನಿಗೆ ಕಟ್ಟುಬಿದ್ದು ದುಡಿಯುವ ಜನ ಅಂದರೆ ಇನ್ನೂ ಹತ್ತಿರ. ಹಾಗಾಗಿ ಇಲ್ಲಿ ಕೈಬದಲಾದದ್ದು ನೆಲದ ಜೊತೆ ದುಡಿಮೆ.

ಎರಡನೆಯದು, ನೀರೆರೆದವರು ಯಾರು ಅನ್ನೋದು. ನಮ್ಮ ಶಾಸನಗಳ ಧಾರಾಪೂರ್ವಕ ಅನ್ನುವ ಮಾತು ನಿಮಗೆಲ್ಲ ಗೊತ್ತು. ದಾನ ಕೊಡುವವನು ನೀರೆರೆದರೆ ದಾನ ಪೂರ್ತಿಯಾಯಿತು. ಬರ್ಮಾದಲ್ಲೂ ಹಾಗೇ, ಈ ನೀರೆರೆಯುವ ಪದ್ಧತಿ ಅಲ್ಲಿ ಈಗಲೂ ನಡೆದಿದೆ, ಭೂದೇವಿಯೇ ಅದಕ್ಕೆ ಸಾಕ್ಷಿ. ಇಲ್ಲಿ ದಾನಿ ರಾಜಕುಮಾರ. ಆದರೂ ಮೊದಲು ನೀರೆರೆದವನು ಸಾಯುತ್ತಿರುವ ಅರಸ. ಗುಹಾಲಯ ಮುಗಿದ ಮೇಲೆ ಮಗ ಇನ್ನೊಮ್ಮೆ ಎರೆದ. ಅರಸನ ಕೈಯ ನೀರು ಬಿದ್ದ ಮೇಲೆ ಅದು ಬರಿಯ ಮಗನ ದಾನವಲ್ಲ, ಅರಸನ ಒಪ್ಪಿಗೆಯ ಮುದ್ರೆ ಬಿದ್ದ ದಾನ. ಹಾಗೆ ನಡೆಯಿತು ಅನ್ನುವುದಕ್ಕೆ ರಾಜ್ಯದ ಹಿರಿಯ ಭಿಕ್ಷುಗಳು, ಪಂಡಿತರು ಸಾಕ್ಷಿ, ಹೆಸರು ಹೆಸರಾಗಿ.

ಮೂರನೆಯದು ಶಾಪಾಶಯ. ನಮ್ಮಲ್ಲಾದರೆ ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ. ರಾಜಕುಮಾರನ ಶಾಪದಲ್ಲಿ ಕೊಲೆಯಿಲ್ಲ, ನರಕವಿಲ್ಲ. ಮೈತ್ರೇಯನನ್ನು ಕಾಣದಿರಲಿ ಅನ್ನುವ ಒಂದೇ ಮಾತು. ನಾಳಿನ ಬುದ್ಧನ ಎದುರು ಕೂತು ಧರ್ಮ ಕೇಳಬೇಕು ಅನ್ನುವುದೇ ಜೀವನದ ದೊಡ್ಡ ಆಸೆಯಾಗಿದ್ದ ಸಮಾಜದಲ್ಲಿ ಇದು ಸಣ್ಣ ಶಾಪ ಅಲ್ಲ. ಅದಕ್ಕಿಂತ ಮುಖ್ಯ, ಶಾಪ ಯಾರಿಗೆ ಅನ್ನೋದು. ಮಗ, ಮೊಮ್ಮಗ, ನೆಂಟ, ಬೇರೆ ಯಾರೇ ಆಗಲಿ. ಇದು ದತ್ತಿಶಾಸನದ ಸಿದ್ಧ ಮಾತು, ನಿಜ. ಆದರೆ ಆ ನೆಂಟ ಅನ್ನುವ ಪದದ ಒಳಗೆ ಯಾರು ಬರುತ್ತಾರೆ ಲೆಕ್ಕ ಹಾಕಿ. ವಂಶಾವಳಿಯ ಸಂಬಂಧ ಸರಿಯಾಗಿದ್ದರೆ ಅಲೌಂಗ್‌ಸಿತು ಇವನ ಅಕ್ಕತಂಗಿಯ ಸಾಲಿನವಳ ಮಗ, ಸೋದರಳಿಯ. ಪಟ್ಟಕ್ಕೆ ಬರಲಿರುವ ಅರಸನನ್ನು ಹೆಸರಿಸದೆ, ಅವಮಾನಿಸದೆ, ಎದುರು ಹಾಕಿಕೊಳ್ಳದೆ, ಸಿದ್ಧ ಸೂತ್ರದ ಒಂದು ಪದದಲ್ಲಿ ಅವನನ್ನೂ ಕಟ್ಟಿಹಾಕಿದಂತಾಯಿತು.

ಹೀಗೆ ಓದಿದರೆ ನಾಲ್ಕು ಭಾಷೆಯ ಗುಟ್ಟೂ ಸ್ವಲ್ಪ ಬಿಡುತ್ತದೆ ಅಂತ ನನಗನ್ನಿಸುತ್ತದೆ. ಪಾಳಿ ಸಂಘದ ಭಾಷೆ. ಮೋನ್ ಕ್ಯಾನ್‌ಸಿತ್ತನ ಆಸ್ಥಾನದ ಭಾಷೆ. ಅವನ ಅರಮನೆಯ ಶಾಸನ ಇರುವುದೂ ಮೋನ್‌ನಲ್ಲೇ. ಪ್ಯೂ ಆ ನಾಡಿನ ಹಳೆಯ ನಗರಗಳ ಜನರದ್ದು, ಆಗಲೇ ಇಳಿಮುಖವಾಗಿದ್ದದ್ದು. ಬರ್ಮೀ ಏರುತ್ತಿದ್ದ ಭಾಷೆ. ನಾಳೆ ಯಾರೇ ಬಂದು ಈ ಊರು ಯಾರದ್ದು ಅಂತ ಕೇಳಿದರೂ, ಅವರ ಭಾಷೆಯಲ್ಲೇ ಉತ್ತರ ಇರಬೇಕು. ಅದು ಸಾಲದು ಅಂತ ಕಂಬವೂ ಎರಡು. ಒಂದು ಇಂದಿಗೂ ಮ್ಯಿನ್‌ಕಬಾ ಹಳ್ಳಿಯ ಮ್ಯಾಜೇದಿ, ಅಂದರೆ ಪಚ್ಚೆಯ ಚೈತ್ಯದ ಬಳಿ ಇದೆ. ಇನ್ನೊಂದನ್ನು 1886-87ರಲ್ಲಿ ಪಾಳಿ ವಿದ್ವಾಂಸ ಎಮಾನುಯೆಲ್ ಫೋರ್ಖ್‌ಹಾಮರ್ ಪತ್ತೆಹಚ್ಚಿದರು. ಅದು ಬಗಾನ್ ವಸ್ತುಸಂಗ್ರಹಾಲಯದಲ್ಲಿದೆ. ಪಕ್ಕದಲ್ಲೇ ರಾಜಕುಮಾರ 1113ರಲ್ಲಿ ಕಟ್ಟಿಸಿದ ಗುಬ್ಯೌಕ್‌ಜಿ ಆಲಯ. ಗೋಡೆಯ ತುಂಬ ಜಾತಕಕಥೆಗಳ ಚಿತ್ರ, ಕೆಳಗೆ ಮೋನ್ ಭಾಷೆಯಲ್ಲಿ ಶಾಯಿಯ ಬರಹ.

ಇದು ಅತಿ ಎಚ್ಚರಿಕೆ ಅನ್ನಿಸೀತು. ಆದರೆ ಮುಂದೆ ನಡೆದದ್ದನ್ನು ನೋಡಿದರೆ ಹಾಗೆ ಅನ್ನಿಸದು. ಅಲೌಂಗ್‌ಸಿತು ಐವತ್ತಕ್ಕೂ ಹೆಚ್ಚು ವರ್ಷ ಆಳಿದ. ಅವನ ಹಿರಿಯ ಮಗ ಮಿನ್ ಶಿನ್ ಸಾ ತಂದೆಯ ಸಿಟ್ಟಿಗೆ ಸಿಕ್ಕಿ ರಾಜಧಾನಿ ಬಿಟ್ಟು ಉತ್ತರದ ಸೀಮೆಗೆ ಹೋಗಬೇಕಾಯಿತು. 1167ರಲ್ಲಿ ತಂದೆ ಕಾಯಿಲೆ ಬಿದ್ದಾಗ ಅರಮನೆಯಲ್ಲಿದ್ದವನು ಇನ್ನೊಬ್ಬ ಮಗ ನರಥು. ಕಾಯಿಲೆಯ ಮುದುಕನನ್ನು ಶ್ವೇಗುಜಿ ಆಲಯಕ್ಕೆ ಸಾಗಿಸಿ, ಅಲ್ಲಿ ಉಸಿರುಗಟ್ಟಿಸಿ ಕೊಂದ ಅನ್ನುತ್ತವೆ ವಂಶಾವಳಿಗಳು. ಸುದ್ದಿ ತಿಳಿದು ಅಣ್ಣ ದಂಡು ಕಟ್ಟಿಕೊಂಡು ಹೊರಟ. ನರಥು ಹಿರಿಯ ಭಿಕ್ಷುವೊಬ್ಬನನ್ನು ನಡುವೆ ನಿಲ್ಲಿಸಿ, ಅಣ್ಣನಿಗೇ ಪಟ್ಟ ಕಟ್ಟುತ್ತೇನೆ ಅಂತ ಮಾತು ಕೊಟ್ಟ. ಮಾತಿನಂತೆ ಪಟ್ಟ ಕಟ್ಟಿದ. ಆ ರಾತ್ರಿಯೇ ಅಣ್ಣ ವಿಷಕ್ಕೆ ಬಲಿಯಾದ. ಜಾಮೀನು ನಿಂತ ಭಿಕ್ಷು ಮನನೊಂದು ಸಿಂಹಳಕ್ಕೆ ಹೊರಟುಹೋದ.

ಯಮನ್‌ಕನ್, ರಾಜಕುಮಾರ, ಮಿನ್ ಶಿನ್ ಸಾ. ಮೂವರೂ ಪಗಾನ್‌ನಿಂದ ದೂರದ ಸೀಮೆ ಪಡೆದವರು. ಒಬ್ಬ ದಂಗೆಯೆದ್ದು ಅಳಿದ. ಒಬ್ಬ ಬಾಯಿಮಾತಿನ ಭರವಸೆ ನಂಬಿ ಬಂದು ಅಳಿದ. ನಡುವಿನವನು ಕತ್ತಿಯನ್ನೂ ಎತ್ತಲಿಲ್ಲ, ಬಾಯಿಮಾತನ್ನೂ ನಂಬಲಿಲ್ಲ. ಒಬ್ಬ ಭಿಕ್ಷುವಿನ ಜಾಮೀನು ಮಿನ್ ಶಿನ್ ಸಾನನ್ನು ಉಳಿಸಲಿಲ್ಲ. ರಾಜಕುಮಾರ ಕರೆಸಿದ್ದು ಹಲವು ಹಿರಿಯರನ್ನು, ಅದೂ ದೊರೆ ಬದುಕಿರುವಾಗಲೇ, ಆಮೇಲೆ ಅಷ್ಟನ್ನೂ ಕಲ್ಲಿಗೆ ಹಾಕಿಸಿದ. ಭಕ್ತಿಯೂ ಇತ್ತು, ಎಚ್ಚರವೂ ಇತ್ತು. ಒಂದನ್ನು ಒಪ್ಪಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗಿಲ್ಲ. ನಮ್ಮ ಊರೂರ ದೇವಸ್ಥಾನದ ದತ್ತಿಕಲ್ಲುಗಳನ್ನೂ ಹೀಗೆ ಎರಡು ಕಣ್ಣಿನಿಂದ ಓದಬೇಕು ಅನ್ನೋದು ನನಗೆ ಈ ಶಾಸನ ಕಲಿಸಿದ ಪಾಠ.

ಕೊನೆಗೊಂದು ಮಾತು. 1911ರಲ್ಲಿ ಸಿ. ಓ. ಬ್ಲಾಗ್ಡೆನ್ ಈ ಕಂಬದ ಪ್ಯೂ ಮುಖವನ್ನು ಓದಲು ಕೂತಾಗ ಅವರಿಗೆ ಹಿಡಿಗೂಟವಾದದ್ದು ಹೆಸರುಗಳು. ಅರಸ, ರಾಣಿ, ಮಗ, ಭಿಕ್ಷುಗಳು, ಊರುಗಳು. ಉಳಿದ ಮೂರು ಮುಖಗಳಲ್ಲಿ ಇರುವ ಹೆಸರುಗಳೇ ನಾಲ್ಕನೆಯದರಲ್ಲೂ ಅದೇ ಕ್ರಮದಲ್ಲಿ ಬರಬೇಕಲ್ಲ. ಅವನ್ನು ಗುರುತಿಸಿ ಅಕ್ಷರ ಹಿಡಿದು, ಅಕ್ಷರದಿಂದ ಪದಗಳಿಗೆ ಹೋದರು. ಮೂರು ಊರುಗಳು ಕೈತಪ್ಪಬಾರದು ಅಂತ ರಾಜಕುಮಾರ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಹೆಸರಿಸದೆ, "ಹಲವು ಹಿರಿಯರ ಎದುರು" ಅಂತ ಬರೆಸಿ ಬಿಟ್ಟಿದ್ದರೆ, ಪ್ಯೂ ಮುಖ ಇಷ್ಟು ಸುಲಭವಾಗಿ ಬಾಯಿ ಬಿಡುತ್ತಿರಲಿಲ್ಲ.